ಸಣ್ಣ ಎಲೆಯ ಸೊಗಸು

ನಮ್ಮ ಕಡೆ ಇಸ್ಪೀಟಿಗೂ ಒಂದು ಹಂಗಾಮು ಇದೆ. ನಾಗರ ಪಂಚಮಿಯ ಹೊತ್ತಿಗೆ ಕುಬಿಹಾಳದ ಎರೆಹೊಲ ಕಾಲಿಟ್ಟಲ್ಲೇ ಹಿಡಿದುಕೊಳ್ಳುತ್ತದೆ. ಮಣ್ಣು ಮೆತ್ತಿ ಒಂದೊಂದು ಚಪ್ಪಲಿ ಎರಡೆರಡು ಸೇರು ಭಾರ. ಎಡೆ ಹೊಡೆಯಲು ಹೊಲ ಆರಬೇಕು, ಹೊಲ ಆರಲು ಮಳೆ ಬಿಡಬೇಕು. ಅಲ್ಲಿಯವರೆಗೆ ಹೆಣ್ಣುಮಕ್ಕಳಿಗೆ ಜೋಕಾಲಿ, ಹುಡುಗರಿಗೆ ನಿಂಬೆಹಣ್ಣು ಒಗೆಯುವ ಪಂದ್ಯ, ಗಂಡಸರಿಗೆ ಪಡಸಾಲೆಯಲ್ಲಿ ಇಸ್ಪೀಟು. ಶೇಂಗಾ ಉಂಡಿ, ಅಳ್ಳಿಟ್ಟು ತಿಂದ ಕೈಯಲ್ಲೇ ಎಲೆ ಹಿಡಿಯುತ್ತಿದ್ದರಿಂದ ಮೂರನೆಯ ದಿನಕ್ಕೆ ಇಡೀ ಕಟ್ಟು ತುಪ್ಪ ನಾರುತ್ತಿತ್ತು. ಆಠೀನು ರಾಣಿಯ ಬೆನ್ನ ಮೇಲೆ ಬೆಲ್ಲದ ಕಲೆ ಬಿದ್ದ ವರ್ಷ, ಆಕೆ ಯಾರ ಕೈಯಲ್ಲಿದ್ದಾಳೆಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು.

ಅಂಥ ಒಂದು ಪಂಚಮಿಗೆ, ಮುಂಬೈಯಲ್ಲಿ ಹಡಗಿನ ಕೆಲಸಕ್ಕಿದ್ದ ನಮ್ಮ ಕಾಕಾ ರಜೆಯ ಮೇಲೆ ಬಂದ. ರಮ್ಮಿ, ಮೂರೆಲೆ ಎರಡೂ ಬೇಸರ ಬಂದಿದ್ದವು. ಕಾಕಾ ಕಟ್ಟನ್ನು ಎರಡು ಭಾಗ ಮಾಡಿ, ಬೆರಳ ತುದಿಯಲ್ಲಿ ಬಿಲ್ಲಿನಂತೆ ಬಗ್ಗಿಸಿ, ಸರ್ರನೆ ಒಂದರೊಳಗೊಂದು ಇಳಿಸಿ ಹೇಳಿದ: “ಇವತ್ತ ಏಳೆಲಿ ಮುಫ್ಲಿಸ್ ಆಡೂಣು.”

ಮುಫ್ಲಿಸ್ ನಮಗೆ ಗೊತ್ತಿತ್ತು. ಕೈಯಲ್ಲಿ ಕಾಸಿಲ್ಲದವನು, ದಿವಾಳಿ ಎದ್ದವನು ಎಂಬುದು ಆ ಉರ್ದು ಮಾತಿನ ಅರ್ಥ. ಮೂರೆಲೆ ಆಟವನ್ನು ತಿರುವಿ ಹಾಕಿದರೆ ಮುಫ್ಲಿಸ್. ಎಲ್ಲರಿಗಿಂತ ಬಡವ ಯಾರೋ ಅವನೇ ಗೆದ್ದ. ಕಾಕಾನ ಏಳೆಲೆ ಅದರ ದೂರದ ಬಳಗ. ಪೋಕರ್ ಮನೆತನದ ಈ ಕೂಸಿಗೆ ಪುಸ್ತಕಗಳಲ್ಲಿ ರ‍್ಯಾಜ್ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆಟದ ಕಟ್ಟಳೆ ಸರಳ. ಪ್ರತಿಯೊಬ್ಬರೂ ಮೊದಲು ಬೂಟ್ ಹಾಕಬೇಕು. ನಮ್ಮಲ್ಲಿ ಬೂಟ್ ಎಂದರೆ ಒಂದು ಶೇಂಗಾ ಕಾಯಿ. ಎರಡು ಎಲೆ ಮುಚ್ಚಿ, ಒಂದು ತೆರೆದು ಹಂಚುವುದು. ಆಮೇಲೆ ಒಂದೊಂದಾಗಿ ಮೂರು ತೆರೆದ ಎಲೆ, ಕಡೆಯದು ಮತ್ತೆ ಮುಚ್ಚಿದ್ದು. ಮೂರನೆಯ ಎಲೆಯಿಂದ ಹಿಡಿದು ಪ್ರತಿ ಎಲೆಗೂ ಒಂದು ಸುತ್ತು ಪಣ. ಹೀಗೆ ಒಟ್ಟು ಐದು ಸುತ್ತು. ಬೇಡವೆನಿಸಿದವನು ಯಾವಾಗ ಬೇಕಾದರೂ ಪ್ಯಾಕ್ ಮಾಡಬಹುದು. ಕೊನೆಗೆ ಉಳಿದವರು ಏಳರಲ್ಲಿ ಐದನ್ನು ಆರಿಸಿ ತೋರಿಸುತ್ತಾರೆ. ಯಾರ ಐದು ಎಲೆ ಸಣ್ಣವೋ ಅವರಿಗೆ ರಾಶಿ. ಒಂದೇ ಅಂಕಿ ಎರಡು ಬಂದರೆ ಅದು ಜೋಡಿ, ಅಂದರೆ ಹೊರೆ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ದೊಡ್ಡ ಎಲೆ ತೆರೆದುಕೊಂಡವನೇ ಮೊದಲ ಪಣ ಕಟ್ಟಬೇಕು. ಬೇರೆಲ್ಲ ಆಟಗಳಲ್ಲಿ ಮೀಸೆ ತಿರುವುವ ರಾಜಾ ಇಲ್ಲಿ ಬಂದ ಕೂಡಲೇ ದಂಡ ತೆರುತ್ತಾನೆ. ಆ ನೋಟವೇ ಒಂದು ಸುಖ. ಹಾಲಗೆನ್ನೆಯ ರಾಣಿ, ಗುಲಾಮ ಎಲ್ಲರೂ ಬೇಡದ ನೆಂಟರಂತೆ ಬಾಗಿಲಲ್ಲಿ ನಿಲ್ಲುತ್ತಾರೆ. ದುರ್ರಿ, ತಿರ್ರಿಗಳಿಗೆ ಮಣೆ.

ಮೊದಲ ದಿನವೇ ನಾನು ಎರಡು ತಪ್ಪು ಮಾಡಿದೆ. ಅವೆರಡರಲ್ಲೇ ಈ ಆಟದ ಅರ್ಧ ಸೊಗಸು ಅಡಗಿದೆ.

ಒಂದನೆಯದು. ನನಗೆ ಬಂದ ಮೊದಲ ಮೂರು ಎಲೆ ಎಕ್ಕಾ, ದುರ್ರಿ, ತಿರ್ರಿ. ನಾನು ಮುಖ ಸಿಂಡರಿಸಿ ಪ್ಯಾಕ್ ಮಾಡಿದೆ. ಮೂರೆಲೆ ಮುಫ್ಲಿಸ್‌ನಲ್ಲಿ ಎಕ್ಕಾ ದೊಡ್ಡ ಎಲೆ. ಹೋಗಲಿ ಎಂದರೆ ಒಂದರ ಹಿಂದೆ ಒಂದು ಬಂದ ಸರಣಿ ಬೇರೆ. ಅಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೈ ಬೇರೆ ಬೇರೆ ಬಣ್ಣದ 5-3-2. ಅದಕ್ಕಿಂತ ಸಣ್ಣದಾಗಿ ಕಾಣುವ 4-3-2 ಸರಣಿಯಾಗಿಬಿಡುವುದರಿಂದ ಕೆಟ್ಟದ್ದು. ಆ ಅಭ್ಯಾಸ ನನ್ನ ಕೈ ಹಿಡಿದಿತ್ತು. ಏಳೆಲೆಯಲ್ಲಾದರೋ ಎಕ್ಕಾ ಎಂದರೆ ಒಂದೇ ಒಂದು, ಎಲ್ಲಕ್ಕಿಂತ ಕಿರಿಯ. ಸರಣಿಗೆ ಶಿಕ್ಷೆಯಿಲ್ಲ, ಬಣ್ಣಕ್ಕೆ ಬೆಲೆಯಿಲ್ಲ. ಐದು-ನಾಕು-ಮೂರು-ಎರಡು-ಎಕ್ಕಾ ಬಂದರೆ ಅದರ ಮೇಲೆ ದೇವರೂ ಇಲ್ಲ. ಅಮೆರಿಕದ ಆಟಗಾರರು ಅದನ್ನು ‘ಸೈಕಲ್’ ಎಂದೂ ಬರೀ ‘ಗಾಲಿ’ ಎಂದೂ ಕರೆಯುತ್ತಾರೆ. ನಮ್ಮ ಮುಫ್ಲಿಸ್‌ನ ಒಡಹುಟ್ಟಿದಂಥ ಆಟವೂ ಅಲ್ಲಿದೆ. ಅದರಲ್ಲಿ ಎಕ್ಕಾ ದೊಡ್ಡದು, ಸರಣಿ ಕೆಟ್ಟದ್ದು, ಹಾಗಾಗಿ 7-5-4-3-2 ಮೇಲು. ಅವರು ಐದೆಲೆಯಲ್ಲಿ ಕಂಡದ್ದನ್ನೇ ನಮ್ಮ ಕಟ್ಟೆಯವರು ಮೂರೆಲೆಯಲ್ಲಿ ಕಂಡಿದ್ದಾರೆ.

ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು. ಸಂಜೆಯ ಕಡೆಯ ಆಟ. ನನ್ನ ಮುಂದೆ ಎಕ್ಕಾ, ದುರ್ರಿ, ತಿರ್ರಿ ತೆರೆದು ಬಿದ್ದಿದ್ದವು, ಕೆಳಗೆ ಎಂಟು ಮತ್ತು ನಾಕು ಮುಚ್ಚಿಕೊಂಡು ಕುಳಿತಿದ್ದವು. ಕಾಕಾನ ಮುಂದೆ ಏಳು, ಆರು, ಐದು. ನನ್ನ ಎಲೆಗಳ ಅಂದಕ್ಕೆ ನಾನೇ ಮರುಳಾಗಿ ಉಳಿದ ಶೇಂಗಾವನ್ನೆಲ್ಲ ನಡುವಿಗೆ ಸುರಿದೆ. ಕಾಕಾ ತನ್ನವನ್ನು ಬಿಚ್ಚಿದ: ಏಳು, ಆರು, ಐದು, ನಾಕು, ಮೂರು. ನಾನು ರಾಶಿಗೆ ಕೈ ಹಾಕಿದೆ. ಆತ ನನ್ನ ಮಣಿಕಟ್ಟು ಹಿಡಿದ.

“ತಮ್ಮಾ, ದೊಡ್ಡ ಎಲಿಯಿಂದ ಓದಕೋತ ಬಾ. ಇದು ಸಾಲ ಅಂತ ತಿಳಿ. ನಿಂದು ಎಷ್ಟಾತು?”

“ಎಂಟು, ನಾಕು, ಮೂರು, ಎರಡು, ಒಂದು. 84,321.”

“ನಂದು?”

“76,543.”

“ಯಾರ ಸಾಲ ಕಮ್ಮಿ?”

ನಾನು ಕೈ ಹಿಂದಕ್ಕೆ ತೆಗೆದೆ. ಆಮೇಲೆ ಓದಿದ ಯಾವ ಪುಸ್ತಕವೂ ಸಣ್ಣ ಕೈ ಅಳೆಯುವ ರೀತಿಯನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿಲ್ಲ. ಸೊಸೈಟಿ ಸಾಲದ ಮೊತ್ತ ನಾಲಿಗೆಯ ಮೇಲಿರುವ ಊರಿನಲ್ಲಿ ಆ ಪಾಠ ಎರಡನೆಯ ಸಲ ಬೇಕಾಗಲಿಲ್ಲ. ನಾಕು ಎಲೆ ಎಷ್ಟೇ ಚೆಲುವಾಗಿರಲಿ, ಕೈಯನ್ನು ತೂಗುವುದು ಅದರಲ್ಲಿನ ಎಲ್ಲಕ್ಕಿಂತ ಒರಟು ಎಲೆ.

ಸಣ್ಣದಕ್ಕೆ ಪಟ್ಟ ಕಟ್ಟುವುದು ಹಡಗಿನವರು ಹೊರಗಿನಿಂದ ತಂದ ಬುದ್ಧಿ ಎಂದುಕೊಂಡಿದ್ದೆ. ಹಾಗೇನಿಲ್ಲ. ಇಸ್ಪೀಟಿಗಿಂತ ಮೊದಲು ನಮ್ಮಲ್ಲಿ ಗಂಜೀಫಾ ಇತ್ತು. ದುಂಡು ಎಲೆ, ಕೈಯಿಂದ ಬರೆದ ಚಿತ್ರ. ಮೊಗಲರ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆ. ದಶಾವತಾರದ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿ. ಅದರ ಚಂದ ಇರುವುದು ಇಲ್ಲಿ: ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದರ್ಧದಲ್ಲಿ ರಾಜ, ಮಂತ್ರಿಯ ಕೆಳಗೆ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕೀಳು! ಮೊದಲನೆಯವು ಬೇಶಬರ್, ಎರಡನೆಯವು ಕಮ್‌ಬರ್. ನಾವು ದಿನಾ ಆಡುವ ‘ಕಮ್ಮಿ’ ಕೂಡ ಆ ಪಾರ್ಸಿ ‘ಕಮ್’ನ ಬಳ್ಳಿಯದೇ. ಒಂದೇ ಕೈಯಲ್ಲಿ ಒಂದು ಬಣ್ಣವನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಓದುತ್ತ ಆಡುವವರ ತಲೆ ಎಷ್ಟು ಹದವಾಗಿರಬೇಕು! ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದೂ ಸಾಲದೆಂದು ಅದನ್ನು ಹದಿನೆಂಟು ಬಣ್ಣಗಳವರೆಗೆ ಬೆಳೆಸಿ ಹೊಸ ಹೊಸ ಎಲೆಯಾಟಗಳನ್ನು ಕಟ್ಟಿದರು. ಕೊಂಕಣದ ಸಾವಂತವಾಡಿಯಲ್ಲಿ ಗಂಜೀಫಾ ಎಲೆ ಬರೆಯುವ ಕೈಗಳು ಇಂದಿಗೂ ಇವೆ.

ಏಳೆಲೆಯ ನಿಜವಾದ ರುಚಿ ಹತ್ತಿದ್ದು ಎರಡನೆಯ ಪಂಚಮಿಗೆ. ಅದುವರೆಗೆ ನಾನು ನನ್ನ ಎಲೆ ಮಾತ್ರ ನೋಡುತ್ತಿದ್ದೆ. ಕಾಕಾ ಒಂದು ಸಲ ಆಟದ ನಡುವೆ ನನ್ನ ಕಣ್ಣು ಮುಚ್ಚಿಸಿ ಕೇಳಿದ: “ಎದುರಿಗಿನ ಐದು ಮಂದಿ ಎಲಿ ಯಾವ್ಯಾವು? ಪ್ಯಾಕ್ ಆದಾವನದೂ ಹೇಳು.” ನನಗೆ ಎರಡು ನೆನಪಿದ್ದವು. ಆತ ಐದನ್ನೂ ಹೇಳಿದ, ಬಿದ್ದ ಸರದಿಯಲ್ಲೇ.

ಯಾಕೆ ಎಂಬುದನ್ನು ಎಲೆ ಹರವಿಯೇ ತೋರಿಸಿದ. ನನ್ನ ಕೈಯಲ್ಲಿ ಎಕ್ಕಾ, ನಾಕು, ಆರು ಇವೆ ಎನ್ನಿ. ಆರು ಜನರ ಆಟ. ನನ್ನ ಮೂರು, ಎದುರಿನ ಐದು, ಒಟ್ಟು ಎಂಟು ಎಲೆ ಕಂಡಿವೆ, ಕಾಣದವು 44. ನನಗೆ ಬೇಕಾದವು ಎರಡು, ಮೂರು, ಐದು, ಏಳು, ಎಂಟು. ಅವು ಒಟ್ಟು 20. ಎದುರಿನವರ ಮುಂದೆ ಎಕ್ಕಾ, ನಾಕು, ಆರು, ರಾಜಾ, ರಾಣಿ ತೆರೆದಿದ್ದರೆ ನನ್ನ 20 ಎಲೆಯೂ ಜೀವಂತ. 44ಕ್ಕೆ 20, ಹೆಚ್ಚುಕಡಿಮೆ ನೂರಕ್ಕೆ 45. ಅಷ್ಟೇ ಅಲ್ಲ, ನನ್ನ ಕೈಗೆ ಬಂದು ಜೋಡಿಯಾಗಿ ಕಾಡಬಹುದಾಗಿದ್ದ ಒಂಬತ್ತು ಎಲೆಗಳಲ್ಲಿ ಮೂರು ಆಗಲೇ ಬೇರೆಯವರ ಪಾಲಾಗಿವೆ. ಅದರ ಬದಲು ಅವರ ಮುಂದೆ ಎರಡು, ಮೂರು, ಐದು, ಏಳು, ಎಂಟು ಬಿದ್ದಿದ್ದರೆ? 44ಕ್ಕೆ 15, ನೂರಕ್ಕೆ 34. ಕಾಡುವ ಒಂಬತ್ತೂ ಹಾಗೇ ಕಾದಿವೆ. ನನ್ನ ಕೈಯಲ್ಲಿ ಒಂದು ಎಲೆಯೂ ಬದಲಾಗಿಲ್ಲ. ಬದಲಾದದ್ದು ಎದುರಿನ ಚಾಪೆ.

ಇದನ್ನು ಮೆಲ್ಲಗೆ ಮೆಲುಕು ಹಾಕಬೇಕು. ಬೇರೆ ಆಟಗಳಲ್ಲಿ ನನ್ನ ಕೈಯಲ್ಲಿರುವಂಥ ಎಲೆಯೇ ಎದುರಿನವನಿಗೆ ಬಂದರೆ ಹೊಟ್ಟೆ ಉರಿಯುತ್ತದೆ. ನನಗೆ ಬರಬೇಕಾದ್ದು ಅವನಿಗೆ ಹೋಯಿತಲ್ಲ ಎಂದು. ಇಲ್ಲಿ ನನ್ನಲ್ಲಿ ನಾಕು ಇದ್ದು ಅವನ ಮುಂದೆ ಇನ್ನೊಂದು ನಾಕು ಬಿದ್ದರೆ ಒಳಗೊಳಗೇ ಹಿಗ್ಗಬೇಕು. ನನಗೊಮ್ಮೆ ಬಂದದ್ದು ಮತ್ತೆ ಬೇಡ. ಅದು ಅವರಿವರ ಮನೆಯಲ್ಲಿ ಸುಖವಾಗಿರಲಿ. ಎದುರಿನವನ ಚಾಪೆಯನ್ನು ಮತ್ಸರವಿಲ್ಲದೆ, ಮೈಯೆಲ್ಲ ಕಣ್ಣಾಗಿ ನೋಡಲು ಕಲಿಸಿದ ಮತ್ತೊಂದು ಎಲೆಯಾಟವನ್ನು ನಾನು ಕಂಡಿಲ್ಲ. ನನಗೆ ಈ ಆಟ ಹಿಡಿಸಿದ್ದು ಇದಕ್ಕೇ.

ಪುಸ್ತಕ ಸಿಕ್ಕಿದ್ದು ಆಮೇಲೆ, ಹುಬ್ಬಳ್ಳಿಯ ಹಳೆ ಪುಸ್ತಕಗಳ ರಾಶಿಯಲ್ಲಿ. ಡಾಯಲ್ ಬ್ರನ್ಸನ್‌ರ ‘ಸೂಪರ್ ಸಿಸ್ಟಮ್’. 1976 ಮತ್ತು 1977ರಲ್ಲಿ ಪೋಕರ್‌ನ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದ ಟೆಕ್ಸಸ್‌ನ ಈ ಆಟಗಾರ ಆ ಪುಸ್ತಕವನ್ನು ಒಬ್ಬನೇ ಬರೆಯಲಿಲ್ಲ. ಒಂದೊಂದು ಆಟಕ್ಕೆ ಒಬ್ಬೊಬ್ಬ ಪಳಗಿದವನನ್ನು ಕೂಡಿಸಿ ಬರೆಸಿದ: ಏಳೆಲೆ ಸ್ಟಡ್‌ಗೆ ಚಿಪ್ ರೀಸ್, ಕೈ ಬದಲಿಸುವ ಸಣ್ಣೆಲೆ ಆಟಕ್ಕೆ ಜೋಯಿ ಹಾಥಾರ್ನ್, ಮೇಲು-ಕೀಳು ಹಂಚಿಕೊಳ್ಳುವ ಆಟಕ್ಕೆ ಡೇವಿಡ್ ಸ್ಕ್ಲಾನ್ಸ್ಕಿ. ಓದುತ್ತ ಹೋದಂತೆ ನಮ್ಮ ಪಡಸಾಲೆಯೇ ಅಚ್ಚಾದಂತೆ ಕಂಡಿತು. ನಾಲ್ಕಾರು ಕಾಕಾಗಳು ಸುತ್ತ ಕುಳಿತು ಮಾತಾಡಿದ ಹಾಗೆ. ನಮ್ಮ ಆಟಕ್ಕೆ ನೇರವಾಗಿ ಸಂಬಂಧಿಸಿದ್ದು ಸ್ಕ್ಲಾನ್ಸ್ಕಿಯವರ ಇನ್ನೊಂದು ಪುಸ್ತಕ. ‘ಸ್ಕ್ಲಾನ್ಸ್ಕಿ ಆನ್ ಪೋಕರ್’ನಲ್ಲಿ ರ‍್ಯಾಜ್‌ಗೇ ಒಂದು ಭಾಗ ಮೀಸಲು. ಲೆಕ್ಕದ ಮೇಷ್ಟರ ಬರವಣಿಗೆ. ಉಪ್ಪು ಖಾರ ಕಡಿಮೆ, ಹಿಟ್ಟು ಮಾತ್ರ ನುಣ್ಣಗೆ ಬೀಸಿದ್ದು.

ಆ ಪುಸ್ತಕದ ಮೊದಲ ಪಾಠ ಆರಿಸುವುದು. ಮೊದಲ ಮೂರೂ ಎಲೆ ಎಂಟು ಅಥವಾ ಅದಕ್ಕಿಂತ ಸಣ್ಣವು, ಮೂರೂ ಬೇರೆ ಬೇರೆ ಇದ್ದರೆ ಮಾತ್ರ ಕೂಡು, ಇಲ್ಲವಾದರೆ ಎದ್ದುಬಿಡು. ಅದನ್ನು ನಾನೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 52 ಎಲೆಗಳಲ್ಲಿ ಮೂರನ್ನು ಎತ್ತುವ ಬಗೆ 22,100. ಅದರಲ್ಲಿ ಹೇಳಿದಂಥ ಕೈ 3,584. ಅಂದರೆ ಆರು ಸಲಕ್ಕೆ ಒಂದು ಸಲ ಆಡುವುದು, ಐದು ಸಲ ಸುಮ್ಮನೆ ನೋಡುವುದು. ಅದೇ ಕಾಗದದ ತುದಿಯಲ್ಲಿ ಎಕ್ಕಾ-ದುರ್ರಿ-ತಿರ್ರಿಯದನ್ನೂ ಬರೆದೆ: 22,100ಕ್ಕೆ ಬರೀ 64. ಸುಮಾರು 345 ಸಲಕ್ಕೆ ಒಮ್ಮೆ. ಮೊದಲ ದಿನ ಮುಖ ಸಿಂಡರಿಸಿ ನಾನು ಮಡಚಿಟ್ಟದ್ದು ಆ ಕೈ! ವರ್ಷಗಳ ಮೇಲೆ, ಒಬ್ಬನೇ ಕುಳಿತು, ಅದಕ್ಕೆ ಹಣೆ ಚಚ್ಚಿಕೊಂಡೆ.

ಕಾಕಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಪುಟಪುಟವನ್ನೂ ಕನ್ನಡದಲ್ಲಿ ಹೇಳಿದೆ. ಹೆಚ್ಚಿನದಕ್ಕೆಲ್ಲ “ಇದನ್ನ ನಾ ಎಂದೋ ಹೇಳೇನಲ್ಲೋ” ಎಂದು ತಂಬಾಕು ತಿಕ್ಕಿದ. ಒಂದು ಮಾತಿಗೆ ಮಾತ್ರ ಅವನ ಕೈ ನಿಂತಿತು. ಐದನೆಯ ಎಲೆಯ ಹೊತ್ತಿಗೆ ಎದುರಿನವನಿಗೆ ಒಂಬತ್ತು-ಎಂಟರ ಕೈ ಪೂರ್ತಿ ಆಗಿದೆ. ನನಗೆ ಎಕ್ಕಾ, ದುರ್ರಿ, ತಿರ್ರಿ, ನಾಕು ಇದ್ದು ಐದನೆಯದು ರಾಜಾ. ಅವನದು ಮುಗಿದ ಕೈ, ನನ್ನದು ಕುಂಟುವ ಕೈ. ಆದರೂ ಮುಂದಿದ್ದವನು ನಾನೇ.

“ಹೆಂಗ?” ಎಂದ ಕಾಕಾ.

ಅವನ ಮುಂದೆ ತೆರೆದಿರುವುದು ಒಂಬತ್ತು, ಎಂಟು, ಆರು. ನನ್ನ ಐದು, ಅವನ ಮೂರು ಬಿಟ್ಟರೆ ಕಾಣದವು 44. ಐದರಿಂದ ಒಂಬತ್ತರವರೆಗಿನ ಯಾವ ಎಲೆ ಬಂದರೂ ನನ್ನದು ಅವನಿಗಿಂತ ಸಣ್ಣ ಕೈ. ಅಂಥವು 17 ಉಳಿದಿವೆ. ಇನ್ನೂ ಎರಡು ಎಲೆ ಬರಬೇಕು. ಎರಡೂ ತಪ್ಪುವ ಸಂಭವ ನೂರಕ್ಕೆ 37. ಹಾಗಾದರೆ ಅವನ ಕೈ ಇದ್ದಲ್ಲೇ ಇದ್ದರೆ ನೂರಕ್ಕೆ 63 ಸಲ ಗೆಲುವು ನನ್ನದು. ಅವನಿಗೂ ಒಳ್ಳೆಯ ಎಲೆ ಬಂದು ಸುಧಾರಿಸಬಹುದು, ಅದನ್ನು ಕಳೆಯಬೇಕು. ಕಳೆದರೂ ಮೇಲುಗೈ ನನ್ನದೇ.

ಕಾಕಾ ನಂಬಲಿಲ್ಲ. ಎಲೆ ತಂದು ಹರವಿ, ಎರಡೆರಡು ಎಲೆ ಹತ್ತು ಸಲ ಎತ್ತಿಸಿದ. ಏಳು ಸಲ ನನ್ನದು ಬಂತು. ಆತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದು ಹಡಗದಾಗ ಯಾರಿಗೂ ಗೊತ್ತಿರಲಿಲ್ಲ ನೋಡು” ಎಂದ. ಮುಗಿದದ್ದು ಭದ್ರ, ಮುಗಿಯದ್ದು ದುರ್ಬಲ ಎಂಬ ಕಣ್ಣಿನ ನಂಬಿಕೆಯನ್ನು ಲೆಕ್ಕ ಅಲ್ಲಾಡಿಸಿತ್ತು. ಅನುಭವ ಎಷ್ಟೇ ದೊಡ್ಡದಿರಲಿ, ಅದು ಕಂಡ ಆಟಗಳಷ್ಟೇ ಉದ್ದ. 22,100 ಬಗೆಯನ್ನು ಒಬ್ಬ ಮನುಷ್ಯ ಪಂಚಮಿಗೊಮ್ಮೆ ಆಡಿ ಮುಗಿಸಲಾರ. ಪುಸ್ತಕ ಬೇಕಾಗುವುದು ಅಲ್ಲಿ.

ಹಾಗೆಂದು ಪುಸ್ತಕ ಓದಿಕೊಂಡು ಬಂದ ಮರು ವರ್ಷ ನಾನು ಗೆದ್ದೆನೆಂದೇನೂ ಇಲ್ಲ. ಲೆಕ್ಕ ಸರಿಯಿತ್ತು, ಕೈ ಬರಿದಾಯಿತು. ಕಾಕಾ ಎರಡು ದಿನ ನೋಡಿ ಗುಟ್ಟು ಬಿಟ್ಟುಕೊಟ್ಟ. ನನ್ನ ಮುಂದೆ ನಾಕೋ ಐದೋ ತೆರೆದು ಬಿದ್ದಾಗಲೆಲ್ಲ ನಾನು ಮುಚ್ಚಿದ ಎಲೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿ ಇನ್ನೊಮ್ಮೆ ನೋಡುತ್ತಿದ್ದೆನಂತೆ. ರಾಜಾ ಬಿದ್ದಾಗ ನೋಡುತ್ತಿರಲಿಲ್ಲವಂತೆ. “ಜೋಡಿ ಆತೇನು ಅಂತ ಹೆದರಿಕಿ ಬಂದಾವ ನೋಡ್ತಾನ. ರಾಜಾಗ ಯಾವ ಹೆದರಿಕಿ? ನಿನ್ನ ಹೆಬ್ಬೆಟ್ಟು ನಿನ್ನ ಎಲಿ ಓದಿ ನಮಗ ಹೇಳತೈತಿ.” ಆತ ತನ್ನ ಎರಡು ಎಲೆಗಳನ್ನು ಒಮ್ಮೆ ನೋಡಿದರೆ ಮುಗಿಯಿತು, ಅವುಗಳ ಮೇಲೆ ಒಂದು ಶೇಂಗಾ ಕಾಯಿ ಇಟ್ಟುಬಿಡುತ್ತಿದ್ದ, ಆಟ ಮುಗಿಯುವವರೆಗೆ ಅದು ಅಲ್ಲಾಡುತ್ತಿರಲಿಲ್ಲ. ಆ ಕಾಯಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಪುಸ್ತಕದಲ್ಲಿ ಸಿಗದ್ದನ್ನು ಬಲ್ಲವರ ಎದುರು ಕೂತೇ ಕಲಿಯಬೇಕೆಂಬುದು ನಮ್ಮ ಕುಂದಗೋಳ ತಾಲೂಕಿನವರಿಗೆ ಹೊಸ ಮಾತಲ್ಲ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಗುರು ಸವಾಯಿ ಗಂಧರ್ವರ ಮುಂದೆ ಕೂಡುತ್ತಿದ್ದ ಕಾಲಕ್ಕೆ ಭಾತಖಂಡೆಯವರ ಸ್ವರಲಿಪಿಯ ಪುಸ್ತಕಗಳು ಅಚ್ಚಾಗಿದ್ದವು. ರಾಗದ ಆರೋಹ, ಅವರೋಹ, ಚೀಜು ಎಲ್ಲ ಅದರಲ್ಲಿತ್ತು. ಆದರೂ ರೈಲು ಹತ್ತಿದರು. ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಎದುರು ಕೂತಾಗಲೇ ತಿಳಿಯುವಂಥದ್ದು.

ಇನ್ನೂ ಹಿಂದಕ್ಕೆ ಹೋದರೆ, ಆಟದ ವಿದ್ಯೆಯನ್ನು ಬಲ್ಲವನಿಂದ ಕಲಿತ ಕಥೆ ನಮ್ಮ ಮಹಾಭಾರತದಲ್ಲೇ ಇದೆ. ವನಪರ್ವದ ನಳೋಪಾಖ್ಯಾನ. ನಮ್ಮ ನೆರೆಯ ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ಇದೇ ನಳನ ಕಥೆಯನ್ನು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ಕೊಟ್ಟರು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿ. ದಾರಿಯಲ್ಲಿ ಒಂದು ತಾರೆ ಮರ. ಋತುಪರ್ಣ ಓಡುವ ರಥದಿಂದಲೇ ಅದರ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಳ ನಂಬುವುದಿಲ್ಲ; ರಥ ನಿಲ್ಲಿಸಿ, ಮರ ಕಡಿದು ಎಣಿಸುತ್ತಾನೆ. ಲೆಕ್ಕ ಸರಿ. ಆಗ ತನ್ನ ಅಶ್ವವಿದ್ಯೆಗೆ ಬದಲಾಗಿ ಅವನ ಅಕ್ಷಹೃದಯವನ್ನು, ಅಂದರೆ ದಾಳದ ಗುಟ್ಟನ್ನು, ಪಡೆಯುತ್ತಾನೆ. ಅದು ಕೈಗೂಡಿದ ಕ್ಷಣ, ನಳನನ್ನು ಹೊಕ್ಕು ಜೂಜಿಗೆ ಹಚ್ಚಿದ್ದ ಕಲಿ ಅವನ ಮೈಬಿಟ್ಟು ಹೊರಬರುತ್ತಾನೆ. ಹಿಂದಿನವರು ದಾಳವಾಗಿ ಉರುಳಿಸುತ್ತಿದ್ದದ್ದು ಇದೇ ತಾರೆಕಾಯಿ ಎಂಬುದನ್ನು ನೆನೆದರೆ ಕಥೆ ಇನ್ನಷ್ಟು ರುಚಿಸುತ್ತದೆ. ಕಾಕಾ ಅಂದು ನನ್ನ ಕಣ್ಣು ಮುಚ್ಚಿಸಿ ಐದು ಎಲೆ ಕೇಳಿದ್ದು ಆ ಮರದ ಕೆಳಗಿನ ಪಾಠವನ್ನೇ. ಎಣಿಸಲು ಬಂದವನ ಮೇಲೆ ಜೂಜಿನ ಹುಚ್ಚು ಸವಾರಿ ಮಾಡುವುದು ಕಷ್ಟ. ಆರರಲ್ಲಿ ಐದು ಸಲ ಏಳಬೇಕೆಂದು ಗೊತ್ತಿರುವವನು ಹೊಲ ಒತ್ತೆ ಇಡುವುದಿಲ್ಲ.

ದುಡ್ಡಿನ ಮಾತು ಬಂತಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು; ಅದೇ ತೀರ್ಪಿನಲ್ಲಿ ಮೂರೆಲೆಯನ್ನು ಬರೀ ಅದೃಷ್ಟದ ಆಟ ಎಂದು ತಳ್ಳಿಹಾಕಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡುವುದಾದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದಿತು. 2025ರ ಕೇಂದ್ರ ಕಾಯ್ದೆ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಮೊಬೈಲಿನ ಆಟದಲ್ಲಿ ಸೋತ ಮನೆಗಳನ್ನು ನಾನೂ ನೋಡಿದ್ದೇನೆ. ಅಲ್ಲಿ ಎದುರಿನವನ ಹೆಬ್ಬೆರಳು ಕಾಣುವುದಿಲ್ಲ, ಕಾಯಿ ಇಟ್ಟ ಎಲೆ ಕಾಣುವುದಿಲ್ಲ, ಕಾಣುವುದು ಖಾಲಿಯಾಗುವ ಖಾತೆ ಮಾತ್ರ. ಕಾಕಾ ನಮ್ಮ ಪಡಸಾಲೆಯಲ್ಲಿ ಒಂದು ದಿನವೂ ರೊಕ್ಕ ಇಡಗೊಡಲಿಲ್ಲ. ರೊಕ್ಕ ಬಂದರೆ ಆಟ ಕಾಣುವುದಿಲ್ಲ ಎಂಬುದು ಅವನ ಮಾತು. ನನಗೂ ಅದೇ ಸರಿ ಎನಿಸಿದೆ.

ಈ ಶ್ರಾವಣಕ್ಕೆ ನೀವೂ ಒಮ್ಮೆ ಆಡಿ ನೋಡಿ. ಒಂದು ಕಟ್ಟು ಎಲೆ, ಆರು ಮಂದಿ, ಒಂದು ಚಾಪೆ ಸಾಕು. ಮೊದಲ ಹತ್ತು ಆಟ ಏಳೂ ಎಲೆ ತೆರೆದೇ ಹಂಚಿ. ಸಾಲ ಓದುವುದು ಮಕ್ಕಳಿಗೂ ಬಂದುಬಿಡುತ್ತದೆ. ಆಮೇಲೆ ಮುಚ್ಚಿ ಆಡಿ, ಬಿದ್ದ ಎಲೆಗಳನ್ನು ಮನಸ್ಸಿನಲ್ಲಿ ಕೂಡಿಸುತ್ತ ಹೋಗಿ. ಪಣಕ್ಕೆ ಶೇಂಗಾ ಇಡಿ, ಆದರೆ ಹಸಿ ಕಾಯಿ ಇಡಿ. ಹುರಿದದ್ದು ಇಟ್ಟರೆ ಐದನೆಯ ಎಲೆ ಬೀಳುವ ಮೊದಲೇ ರಾಶಿ ಖಾಲಿಯಾಗಿರುತ್ತದೆ.